ಪರದೇಶದ ಬಾಳೂ ಮನೆಯ ಪ್ರಾರ್ಥನೆಯೂ

“ಮತ ಉಳಿದರೆ ಸಾಕು, ಮಾತು ಹೋದರೇನು?” ಎಂಬ ನುಡಿಯು ಈಚಿನ ವರ್ಷಗಳಲ್ಲಿ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ದುಬಾಯಿ, ಕುವೈತ್, ಟೊರಾಂಟೊ, ಮೆಲ್ಬರ್ನ್ ಮುಂತಾದ ಕಡೆಗಳಲ್ಲಿ ನೆಲೆಯೂರಿದವರು ರಜೆಗೆಂದು ಊರಿಗೆ ಬಂದಾಗ, ಸಂಜೆಯ ಜಪಕ್ಕೆ ಕುಳಿತ ಮೊಮ್ಮಗುವು ಏನೊಂದೂ ಅರ್ಥವಾಗದೆ ತಾಯಿಯ ಮುಖವನ್ನು ನೋಡುತ್ತದೆ, ತಾಯಿ ಈ ನುಡಿಯಿಂದ ಅಜ್ಜಿಗೆ ಸಮಾಧಾನ ಹೇಳುತ್ತಾಳೆ, ಅಜ್ಜಿ ಸುಮ್ಮನಾಗುತ್ತಾಳೆ. ಕೇಳುವುದಕ್ಕೆ ಪ್ರಶ್ನೆಯಂತಿದ್ದರೂ ಇದು ಪ್ರಶ್ನೆಯಲ್ಲ, ತೀರ್ಪು. ಇದರ ಬುಡದಲ್ಲಿರುವ ಭಾವನೆಯೇನೆಂದರೆ, ಮತವೆಂಬುದು ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದಾದ ಒಂದು ಒಡವೆ. ಊಟ, ಮಾತು, ಹಾಡು, ನೆರೆಹೊರೆಗಳೆಲ್ಲ ಅದಕ್ಕೆ ಸುತ್ತಿದ ಬಟ್ಟೆ. ಬಟ್ಟೆ ಹರಿದರೆ ಒಡವೆಗೆ ಕುಂದಿಲ್ಲ. ಈ ಭಾವನೆಯು ಇತಿಹಾಸಕ್ಕೂ ಅನುಭವಕ್ಕೂ ವಿರುದ್ಧವಾದುದು. ಇದನ್ನು ಒಪ್ಪಿಕೊಂಡ ಮನೆಯಲ್ಲಿ ಮಾತಿನ ಹಿಂದೆಯೇ ಮತವೂ ಹೊರಟುಹೋಗುವುದು. ಇದನ್ನು ಇಲ್ಲಿ ಸ್ವಲ್ಪ ವಿಚಾರಿಸಿ ನೋಡತಕ್ಕದ್ದಾಗಿದೆ.

ಕುಂದಾಪುರದ ಒಳನಾಡಿನಲ್ಲಿ ಬಸ್ರೂರಿಗೆ ಸಮೀಪದ ಗುಲ್ವಾಡಿಯೆಂಬ ಗ್ರಾಮದ ಹೆಸರನ್ನು ಕನ್ನಡ ವಾಚಕರು ಬಲ್ಲರು. ೧೮೯೯ರಲ್ಲಿ “ಇಂದಿರಾಬಾಯಿ” ಎಂಬ ಗ್ರಂಥವನ್ನು ಪ್ರಕಟಿಸಿ ಕನ್ನಡದಲ್ಲಿ ಸಾಮಾಜಿಕ ಕಾದಂಬರಿಗೆ ದಾರಿ ತೆರೆದ ವೆಂಕಟರಾಯರು ಈ ಗ್ರಾಮದ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತವರು. ಗುಲ್ವಾಡಿ, ಹಟ್ಟಿಯಂಗಡಿ, ಬಿಜೂರು, ಗಂಗೊಳ್ಳಿ, ಹೀಗೆ ಸಾರಸ್ವತ ಮನೆತನಗಳು ತಾವು ನೆಲೆಸಿದ ಊರುಗಳ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡವು. ಇವರ ಪೂರ್ವಿಕರು ಗೋವೆಯ ಕಡೆಯಿಂದ ಬಂದವರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅಲ್ಲಿಯ ಗುಡಿಗಳನ್ನು ಕೆಡಹತೊಡಗಿದಾಗ ತಮ್ಮ ದೇವರನ್ನು ಉಳಿಸಿಕೊಳ್ಳುವುದಕ್ಕಾಗಿ ನೆಲವನ್ನು ಬಿಟ್ಟವರು ಇವರಲ್ಲಿ ಅನೇಕರು.

ಅದೇ ಗೋವೆಯಿಂದ, ಅದೇ ಕೊಂಕಣಿಯನ್ನಾಡುತ್ತ, ಆದರೆ ಹೊಸ ಮತವನ್ನು ಸ್ವೀಕರಿಸಿದ ಮೇಲೆ ದಕ್ಷಿಣಕ್ಕೆ ಬಂದವರು ಕ್ರೈಸ್ತರು. ಬರಗಾಲ, ವ್ಯಾಧಿ, ತೆರಿಗೆಯ ಭಾರ, ೧೫೬೦ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ಎಂಬ ಮತವಿಚಾರಣಾಲಯದ ಭಯ, ೧೬೮೩ರಲ್ಲಿ ಮರಾಠರ ದಂಡಯಾತ್ರೆ, ಇವು ಒಂದೊಂದಾಗಿ ಅವರನ್ನು ಅಲ್ಲಿಂದ ಎಬ್ಬಿಸಿದುವು. ಕೆಳದಿಯ ಅರಸರ ಸೀಮೆಯಲ್ಲಿ ಅವರಿಗೆ ಗದ್ದೆ ದೊರೆಯಿತು, ನೆಲೆ ದೊರೆಯಿತು. ಕುಂದಾಪುರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರಗಳಲ್ಲಿ ಇಗರ್ಜಿಗಳು ಎದ್ದುವು. ಹೀಗೆ ಒಬ್ಬರು ಹಳೆಯ ಮತವನ್ನುಳಿಸಲು, ಇನ್ನೊಬ್ಬರು ಹೊಸ ಮತವನ್ನೊಡಗೊಂಡು, ಒಂದೇ ದಿಕ್ಕಿಗೆ ನಡೆದು ಒಂದೇ ಹೊಳೆಯ ಬಯಲಿನಲ್ಲಿ ನೆರೆಹೊರೆಯವರಾದರು. ಇಬ್ಬರ ಒಲೆಯ ಮುಂದೆಯೂ ಕೇಳಿಬಂದ ಮಾತು ಕೊಂಕಣಿಯೇ. ಉಪಕಾರ ಹೊಂದಿದವನು ಉಪಕಾರ ಮಾಡಿದವನಿಗೆ “ದೇವ್ ಬರೆಂ ಕರುಂ”, ಎಂದರೆ ದೇವರು ಒಳಿತು ಮಾಡಲಿ, ಎನ್ನುವುದು ಕ್ರೈಸ್ತರ ಮನೆಯ ವಾಡಿಕೆ. ಸಾರಸ್ವತರ ಮನೆಯಲ್ಲಿಯೂ ಉಚ್ಚಾರದ ಅಲ್ಪ ಭೇದದಿಂದ ಇದೇ ಹಾರೈಕೆಯಿದೆ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಈ ಮಾತೇ ಒಂದು ಕಿರುಪ್ರಾರ್ಥನೆ. ಇದರ ಜಾಗದಲ್ಲಿ “ಥ್ಯಾಂಕ್ಸ್” ಬಂದು ಕುಳಿತಾಗ ಹತ್ತು ಪ್ರಾರ್ಥನೆಗಳು ಮನೆಯಿಂದ ಹೊರಬಿದ್ದುವು. ಯಾರೂ ಅವನ್ನು ಹೊರದೂಡಲಿಲ್ಲ. ಹೋದುದನ್ನು ಯಾರೂ ಗಮನಿಸಲೂ ಇಲ್ಲ. ಮತವು ಮಾತಿನೊಳಗೆ ಹೇಗೆ ವಾಸಿಸುತ್ತದೆಂಬುದಕ್ಕೆ ಇದಕ್ಕಿಂತ ಸಣ್ಣ ದೃಷ್ಟಾಂತವೂ ಬೇಡ, ದೊಡ್ಡ ದೃಷ್ಟಾಂತವೂ ಬೇಡ.

ಮತಕ್ಕೂ ನಿತ್ಯದ ಬಾಳಿಗೂ ಇರುವ ಈ ಬೆಸುಗೆಯನ್ನು ಇಂದಿನ ಪ್ರವಾಸಿಗಳಿಗಿಂತ ಚೆನ್ನಾಗಿ ಅರಿತಿದ್ದವರು, ವಿಚಿತ್ರವೆಂದರೆ, ಅದನ್ನು ಕಡಿಯಲು ಹೊರಟವರೇ. ೧೬೮೪ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯನು ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ತ್ಯಜಿಸಿ ಪೋರ್ಚುಗೀಸ್ ಭಾಷೆಯನ್ನಾಡತಕ್ಕದ್ದೆಂದು ಆಜ್ಞಾಪಿಸಿದನು. ೧೭೩೬ರಲ್ಲಿ ಮತವಿಚಾರಣಾಲಯವು ಹೊರಡಿಸಿದ ನಿಷೇಧಪತ್ರವು ಇನ್ನೂ ಒಳಹೊಕ್ಕು ನೋಡಿತು. ಮದುವೆಯ ಹಾಡು, ವೀಳ್ಯ, ಹೂವಿನ ಉಡುಗೊರೆ, ಅಂಗಳದ ತುಳಸಿ, ಗಂಡಸರ ಧೋತ್ರ, ಉಪ್ಪು ಹಾಕದೆ ಅನ್ನ ಬೇಯಿಸುವ ಕ್ರಮ, ಇವೆಲ್ಲ ಅದರ ನಿಷೇಧಕ್ಕೆ ಒಳಗಾದುವು. ಪ್ರಜೆಯು ಅನ್ನಕ್ಕೆ ಉಪ್ಪು ಹಾಕುತ್ತಾನೋ ಇಲ್ಲವೋ ಎಂದು ಮಡಕೆಯೊಳಗೆ ಇಣಿಕಿ ನೋಡಿದ ಆ ನ್ಯಾಯಾಧೀಶರ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಅವರ ತಿಳಿವಳಿಕೆ ಮಾತ್ರ ಹರಿತವಾಗಿತ್ತು. ಮನುಷ್ಯನ ನಂಬಿಕೆಯು ಅವನ ತಲೆಯಲ್ಲಿ ಮಾತ್ರ ಇರುವುದಲ್ಲ. ಅವನ ಅಡಿಗೆಮನೆಯಲ್ಲಿ, ಅಂಗಳದಲ್ಲಿ, ನಾಲಗೆಯ ತುದಿಯಲ್ಲಿ ಇರುವುದು. ಅಲ್ಲಿಂದ ಕಿತ್ತರೆ ಮಾತ್ರ ಅದು ಕಿತ್ತುಬರುವುದು, ಎಂದು ಅವರು ಬಲ್ಲವರಾಗಿದ್ದರು. ಅಧಿಕಾರದ ಬಲದಿಂದಲೂ ದಂಡದ ಭಯದಿಂದಲೂ ಅವರಿಗೆ ಸಾಧ್ಯವಾಗದೆ ಹೋದುದನ್ನು, ಟೊರಾಂಟೊದ ಒಂದು ಸುಖಿ ಕುಟುಂಬವು ಯಾರ ಒತ್ತಾಯವೂ ಇಲ್ಲದೆ ಒಂದೇ ತಲೆಮಾರಿನಲ್ಲಿ ಸಾಧಿಸಿ ತೋರಿಸುತ್ತಿದೆ.

ಈ ಜನರ ಇತಿಹಾಸದಲ್ಲಿ ಇನ್ನೊಂದು ಪ್ರವಾಸವುಂಟು. ಅದು ಇಷ್ಟಪಟ್ಟು ಹೋದುದಲ್ಲ. ೧೭೮೪ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸಾವಿರ ಸಾವಿರವಾಗಿ ಹಿಡಿದು ಘಟ್ಟವೇರಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಪಾದ್ರಿಗಳನ್ನು ಹೊರಗಟ್ಟಲಾಗಿತ್ತು, ಅನೇಕ ಇಗರ್ಜಿಗಳು ನೆಲಸಮವಾಗಿದ್ದುವು, ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸಂಖ್ಯರು ಸತ್ತರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಉಳಿದವರು ಊರಿಗೆ ಮರಳಿದರು. ಹದಿನೈದು ವರ್ಷಗಳೆಂದರೆ ಅಲ್ಪಕಾಲವಲ್ಲ. ಸೆರೆಗೆ ಹೋಗುವಾಗ ತಾಯಿಯ ಕಂಕುಳಲ್ಲಿದ್ದ ಕೂಸು ಮರಳುವಾಗ ಮೀಸೆ ಚಿಗುರಿದ ಯುವಕನಾಗಿತ್ತು. ಆ ಯುವಕನಿಗೆ ಇಗರ್ಜಿಯ ಗಂಟೆಯ ಸದ್ದು ಗೊತ್ತಿರಲಿಲ್ಲ; ಪೂಜೆಯ ವೈಭವ ಗೊತ್ತಿರಲಿಲ್ಲ; ಧರ್ಮೋಪದೇಶದ ಶಾಲೆಯನ್ನು ಅವನು ಕಂಡಿರಲಿಲ್ಲ. ಅವನು ಕ್ರೈಸ್ತನಾಗಿಯೇ ಮರಳಿದನೆಂದರೆ, ಆ ಮತವನ್ನು ಅವನಿಗೆ ಕೊಟ್ಟವರು ಯಾರು? ಮನೆಯವರಲ್ಲದೆ ಬೇರೆ ಯಾರೂ ಇರಲಿಲ್ಲ. ಕೊಟ್ಟದ್ದು ಯಾವ ಮಾತಿನಲ್ಲಿ? ಮನೆಯವರಿಗೆ ಬರುತ್ತಿದ್ದ ಮಾತಿನಲ್ಲಿ. “ಮಾತು ಹೋದರೇನು” ಎಂಬವರು ಈ ಯುವಕನ ಮುಂದೆ ನಿಂತು ಆ ನುಡಿಯನ್ನಾಡಬಲ್ಲರೆ?

ಇದಕ್ಕೆ ಪ್ರತಿಪಕ್ಷದವರು ಒಂದು ಬಲವಾದ ಆಕ್ಷೇಪವನ್ನು ತರುತ್ತಾರೆ. ಇಗರ್ಜಿಯ ಪೂಜೆಯು ಶತಮಾನಗಳ ಕಾಲ ಲತೀನ್ ಭಾಷೆಯಲ್ಲಿ ನಡೆಯಿತಲ್ಲವೆ? ಕುಂದಾಪುರದ ಒಕ್ಕಲಿಗನಿಗೆ ಲತೀನಿನ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ಮತ ಉಳಿಯಿತು. ತಿಳಿಯದ ಭಾಷೆಯಲ್ಲಿ ಮತ ಉಳಿಯಬಲ್ಲುದಾದರೆ ತಿಳಿಯುವ ಇಂಗ್ಲಿಷಿನಲ್ಲಿ ಏಕೆ ಉಳಿಯಬಾರದು? ಈ ಆಕ್ಷೇಪವು ಮೇಲುನೋಟಕ್ಕೆ ಸರಿಯೆನಿಸಿದರೂ ಅರ್ಧವನ್ನು ಮಾತ್ರ ಹೇಳುತ್ತದೆ. ಲತೀನು ಇದ್ದುದು ಇಗರ್ಜಿಯ ಪೀಠದ ಬಳಿಯಲ್ಲಿ. ಮನೆಯಲ್ಲಿ ದೀಪ ಹಚ್ಚಿದ ಮೇಲೆ ಆಮೊರಿ, ಬಳಿಕ ತೇರ್ಸ್ ಎಂಬ ಜಪಮಾಲೆ, ಜಪ ಮುಗಿದೊಡನೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೇಡುವ ಬೆಸಾಂವ್ ಎಂಬ ಆಶೀರ್ವಾದ, ಇವು ಕೊಂಕಣಿಯಲ್ಲಿದ್ದುವು. ಪಾಪನಿವೇದನೆ ಕೊಂಕಣಿಯಲ್ಲಿತ್ತು. ಸತ್ತವರಿಗಾಗಿ ಅತ್ತುದು ಕೊಂಕಣಿಯಲ್ಲಿ. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಎಂಬ ಶಾಸ್ತ್ರದಲ್ಲಿ ಹೆಂಗಸರು ಹಾಡಿದ ವೊವಿಯೊ ಪದಗಳು ಕೊಂಕಣಿಯಲ್ಲಿ. ವಾರಕ್ಕೊಂದು ಗಳಿಗೆಯ ಲತೀನನ್ನು ಹೊತ್ತು ನಿಂತುದು ವಾರದ ಏಳು ಸಂಜೆಗಳ ಕೊಂಕಣಿ.

೧೯೬೨ರಿಂದ ೧೯೬೫ರ ವರೆಗೆ ರೋಮಿನಲ್ಲಿ ನಡೆದ ಎರಡನೆಯ ವತಿಕಾನ್ ಮಹಾಸಭೆಯ ತರುವಾಯ ಪೂಜೆಯು ಜನರ ಭಾಷೆಗೆ ಬಂದಿತು. ಇದು ಬಹಳ ಒಳ್ಳೆಯದಾಯಿತು. ಆದರೆ ಇದರೊಡನೆ ಒಂದು ಆಲಸ್ಯವೂ ಬಂದಿತು. ಇಗರ್ಜಿಯಲ್ಲಿಯೇ ಕೊಂಕಣಿಯಿರುವಾಗ ಮನೆಯಲ್ಲಿ ಏಕೆ ಎಂದು ಜಪಮಾಲೆಯು ಮೊಳೆಗೆ ತೂಗಿತು. ದೂರದೇಶಕ್ಕೆ ಹೋದೊಡನೆ ಇಗರ್ಜಿಯ ಕೊಂಕಣಿಯೂ ತಪ್ಪಿತು; ಮನೆಯ ಕೊಂಕಣಿಯು ಮೊದಲೇ ತಪ್ಪಿತ್ತು. ಆದಕಾರಣ ಲತೀನಿನ ದೃಷ್ಟಾಂತವು ಆಕ್ಷೇಪಿಸುವವರ ಪಕ್ಷಕ್ಕೆ ನಿಲ್ಲುವುದಿಲ್ಲ.

ಹಾಗಾದರೆ ಪರದೇಶಕ್ಕೆ ಹೋದವನು ಅಲ್ಲಿಯ ಭಾಷೆಗೆ ಕಿವಿ ಮುಚ್ಚಿಕೊಂಡು ತನ್ನದನ್ನೇ ಜಪಿಸುತ್ತ ಕುಳಿತಿರಬೇಕೆ? ಹಾಗೆ ಯಾರೂ ಹೇಳುವುದಿಲ್ಲ. ಈ ನಾಡಿಗೇ ಪರದೇಶಿಗಳಾಗಿ ಬಂದ ಕೆಲವರ ನಡತೆಯನ್ನು ನೋಡಬಹುದು. ತೋಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಜೆಸ್ವಿತ ಪಾದ್ರಿ ೧೫೭೯ರಲ್ಲಿ ಗೋವೆಗೆ ಬಂದು ಅಲ್ಲಿಯ ಜನರ ಮಾತನ್ನು ಕಲಿತು, ಓವಿಯ ಧಾಟಿಯಲ್ಲಿ “ಕ್ರಿಸ್ತಪುರಾಣ”ವನ್ನು ರಚಿಸಿದನು. ಅದು ೧೬೧೬ರಲ್ಲಿ ಅಚ್ಚಾಯಿತು. ಮೂರು ಶತಮಾನಗಳ ಬಳಿಕ, ೧೯೦೭ರಲ್ಲಿ, ಮಂಗಳೂರಿನಲ್ಲಿಯೇ ಅದರ ಹೊಸ ಮುದ್ರಣವಾಯಿತು. ಬಾಸೆಲ್ ಮಿಶನಿನ ಫೆರ್ಡಿನೆಂಡ್ ಕಿಟ್ಟೆಲನು ೧೮೫೩ರಲ್ಲಿ ಈ ದೇಶಕ್ಕೆ ಬಂದು, ಯೇಸುವಿನ ಚರಿತ್ರೆಯನ್ನು ೧೮೬೨ರಲ್ಲಿ “ಕಥಾಮಾಲೆ”ಯೆಂದು ಕನ್ನಡ ಪದ್ಯದಲ್ಲಿ ಹೇಳಿದನು. ೧೮೯೪ರಲ್ಲಿ ಕನ್ನಡಿಗರಿಗೆ ಅವರ ನಿಘಂಟನ್ನೇ ಕೊಟ್ಟನು. ಇಟಲಿಯ ಆಂಜೆಲೊ ಮಫೆಯಿ ಎಂಬ ಜೆಸ್ವಿತನು ಕೊಂಕಣಿಯ ವ್ಯಾಕರಣವನ್ನೂ ೧೮೮೩ರಲ್ಲಿ ನಿಘಂಟನ್ನೂ ರಚಿಸಿದಾಗ ಅವನ್ನು ಅಚ್ಚುಹಾಕಿದುದು ಬಾಸೆಲ್ ಮಿಶನ್ ಮುದ್ರಣಾಲಯವು. ರೋಮಿನ ಪಕ್ಷದವನ ಪುಸ್ತಕಕ್ಕೆ ಪ್ರೊಟೆಸ್ಟಂಟರ ಅಚ್ಚುಮೊಳೆ! ಗುಲ್ವಾಡಿ ವೆಂಕಟರಾಯರ ಕಾದಂಬರಿಯೂ ಅದೇ ಮುದ್ರಣಾಲಯದಿಂದ ಹೊರಬಂದಿತು.

ಈ ಪರದೇಶಿಗಳು ತಮ್ಮ ತಾಯ್ನುಡಿಯನ್ನು ಮರೆತವರಲ್ಲ. ಮನೆಗೆ ಪತ್ರವನ್ನು ಅವರು ತಮ್ಮ ಭಾಷೆಯಲ್ಲಿಯೇ ಬರೆದರು. ಆದರೆ ನೆರೆಯವನ ಭಾಷೆಯನ್ನು ಅವನಿಗಿಂತ ಮಿಗಿಲಾಗಿ ಕಲಿತರು. ಎರಡು ಭಾಷೆಗಳು ಒಂದು ಬಾಯಲ್ಲಿ ಸುಖವಾಗಿರಬಲ್ಲವು. ಕುಂದಾಪುರದ ಕ್ರೈಸ್ತನೇ ಇದಕ್ಕೆ ಸಾಕ್ಷಿ. ಅವನು ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕುಂದಗನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ದಕ್ಷಿಣಕ್ಕೆ ಹೋದರೆ ತುಳು, ಕಚೇರಿಯಲ್ಲಿ ಇಂಗ್ಲಿಷ್, ಇಷ್ಟನ್ನೂ ಆಡಿ ಜೀರ್ಣಿಸಿಕೊಂಡವನು. ಅಂಥವನ ಮಗನು “ಎರಡು ಭಾಷೆಯಾದರೆ ಮಗುವಿನ ತಲೆಗೆ ಭಾರ” ಎನ್ನುವುದನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು.

ಹೊಳೆ ದಾಟದೆಯೇ ಪರದೇಶಿಗಳಾದವರೂ ಈ ಜಿಲ್ಲೆಯಲ್ಲಿದ್ದರು. ಮಂಗಳೂರಿನ ಸಾರಸ್ವತರಾದ ಆನಂದರಾಯ ಕೌಂಡಿನ್ಯರು ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದರು. ಮನೆ, ಜಾತಿ, ಬಂಧುಬಳಗ ಎಲ್ಲವೂ ಒಂದೇ ದಿನದಲ್ಲಿ ದೂರವಾದುವು. ಅವರು ಬಾಸೆಲಿಗೆ ಹೋಗಿ ಓದಿ, ೧೮೫೧ರಲ್ಲಿ ಗುರುದೀಕ್ಷೆ ಪಡೆದು, ಅಲ್ಲಿಯೇ ನಿಲ್ಲದೆ ಮರಳಿ ಬಂದು ಕನ್ನಡನಾಡಿನಲ್ಲಿ ಬಾಳನ್ನು ಸವೆಸಿದರು. ಅವರಂತೆ ಮನೆ ಕಳೆದುಕೊಂಡ ಬಡವರಿಗೆ ಮಿಶನಿನವರು ಮಗ್ಗವನ್ನೂ ಹಂಚಿನ ಕಾರ್ಖಾನೆಯನ್ನೂ ಒದಗಿಸಿದರು. ಅನ್ನದೊಡನೆ ಅವರಿಗೆ ದೊರೆತುದು ಕನ್ನಡದ ಹಾಗೂ ತುಳುವಿನ ವೇದಪುಸ್ತಕ. ನಿತ್ಯದ ಮಾತಿನಲ್ಲಿ ದೊರೆತುದರಿಂದಲೇ ಆ ಮತವು ಅವರಿಗೆ ಹೊಸಮನೆಯಾಯಿತು. ಇಲ್ಲವಾದರೆ ಅದು ಬರಿಯ ಕೂಲಿಯ ಚೀಟಿಯಾಗುತ್ತಿತ್ತು.

ಈಗ ಇಂದಿನ ಪ್ರವಾಸದ ಕಡೆಗೆ ಬರಬಹುದು. ಕೊಲ್ಲಿಯ ನಾಡುಗಳಿಗೆ ಹೋದ ಕರಾವಳಿಗರ ಬಾಳು ಸುಲಭದ್ದಲ್ಲ. ಅಲ್ಲಿ ವಾರದ ಲೆಕ್ಕವೇ ಬೇರೆ. ಶುಕ್ರವಾರದಂದೇ ರಜೆಯಾದುದರಿಂದ ಭಾನುವಾರದ ಪೂಜೆಯನ್ನು ಶುಕ್ರವಾರದಂದೇ ನಡೆಸುವ ಪದ್ಧತಿ ಬೆಳೆಯಿತು. ದುಬಾಯಿ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ೨೦೨೨ರಿಂದ ಶನಿವಾರ ಭಾನುವಾರಗಳು ರಜೆಯಾದುವು. ಕುವೈತಿನಲ್ಲಿ ಹಳೆಯ ಕ್ರಮವೇ ಇದೆ. ಬಹರೈನಿನ ದೊರೆಯು ಕೊಟ್ಟ ನೆಲದಲ್ಲಿ ೧೯೩೯ರಲ್ಲಿಯೇ ಇಗರ್ಜಿ ಎದ್ದಿತು. ದುಬಾಯಿಯ ಸಂತ ಮೇರಿಯ ಇಗರ್ಜಿ ೧೯೬೭ರಲ್ಲಿ ತೆರೆಯಿತು. ಸೌದಿ ಅರೇಬಿಯದಲ್ಲಿಯಾದರೋ ಇಗರ್ಜಿಯೇ ಇಲ್ಲ. ಬಹಿರಂಗ ಪೂಜೆಗೆ ಅಪ್ಪಣೆಯಿಲ್ಲ. ಅಲ್ಲಿಯ ಕ್ರೈಸ್ತನಿಗೆ ನಾಲ್ಕು ಗೋಡೆಗಳ ನಡುವಿನ ಪ್ರಾರ್ಥನೆಯೊಂದೇ ಗತಿ. ಇಸ್ರೇಲಿನಲ್ಲಿ ಮುದುಕರ ಶುಶ್ರೂಷೆ ಮಾಡುತ್ತಿರುವ ಕರಾವಳಿಯ ಹೆಣ್ಣುಮಕ್ಕಳು, ಯೇಸು ನಡೆದಾಡಿದ ನೆಲದಲ್ಲಿಯೇ ಇದ್ದರೂ, ಯಜಮಾನರ ಮನೆಯ ಮೂಲೆಯಲ್ಲಿ ಕುಳಿತು ಮೆಲುದನಿಯಲ್ಲಿ ಕೊಂಕಣಿಯ ಜಪವನ್ನು ಹೇಳಿಕೊಳ್ಳುತ್ತಾರೆ. ಇಂಥವರನ್ನು ದೂರುವುದಕ್ಕೆ ಯಾರಿಗೂ ನಾಲಗೆಯೇಳದು. ಇಗರ್ಜಿಯಿಲ್ಲದ ಕಡೆಯಲ್ಲಿ ಮನೆಯ ಜಪವು ಗಟ್ಟಿಯಾಯಿತು. ಸೌಕರ್ಯವೆಲ್ಲವೂ ಇದ್ದ ಕಡೆಯಲ್ಲಿ ಅದು ಸಡಿಲವಾಯಿತು. ಇದರಿಂದ ತಿಳಿಯತಕ್ಕ ಪಾಠವು ಸ್ಪಷ್ಟವಾಗಿದೆ.

ದೂರು ಯಾರ ಮೇಲೆಂದರೆ, ಅನುಕೂಲವಿದ್ದೂ ಬಿಟ್ಟವರ ಮೇಲೆ. ಸೆಪ್ಟೆಂಬರ್ ೮ರಂದು ಬರುವ ಮೊಂತಿ ಹಬ್ಬವನ್ನೇ ನೋಡಿರಿ. ಮರಿಯಮ್ಮನ ಜನ್ಮದಿನವಾದ ಅಂದು ಹೊಸ ತೆನೆಯನ್ನು ಇಗರ್ಜಿಯಲ್ಲಿ ಹರಸಿ, ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಹೊಸತು ಉಣ್ಣುತ್ತಾರೆ. ಆ ದಿನ ಮೀನು ಮಾಂಸಗಳಿಲ್ಲ. ನೆರೆಯ ಹಿಂದುವಿನ ಮನೆಯ ಬಾಗಿಲಿಗೆ ಕದಿರು ಕಟ್ಟಿ ಹೊಸ್ತು ಉಣ್ಣುವುದೂ ಇದೇ ಋತುವಿನಲ್ಲಿ. ಪರದೇಶಗಳಲ್ಲಿಯೂ ಈ ಹಬ್ಬ ನಡೆಯುತ್ತದೆ. ಊರಿನಿಂದ ವಿಮಾನದಲ್ಲಿ ತೆನೆ ತರಿಸುವವರೂ ಇದ್ದಾರೆ. ಇಷ್ಟು ಶ್ರದ್ಧೆಯಿರುವುದು ಮೆಚ್ಚತಕ್ಕದ್ದೇ. ಆದರೆ ಅನೇಕ ಕಡೆಗಳಲ್ಲಿ ಆ ಹಬ್ಬವು ಬಾಡಿಗೆಯ ಸಭಾಂಗಣದಲ್ಲಿ ಬಹುಮಾನದ ಚೀಟಿ, ಕುಣಿತ, ಅತಿಥಿಗಳ ಸನ್ಮಾನಗಳ ನಡುವೆ ಒಂದು ಗಳಿಗೆಯ ಕಾರ್ಯಕ್ರಮವಾಗಿ ಮುಗಿಯುತ್ತದೆ. ವರ್ಷದಲ್ಲೊಮ್ಮೆ ತೆನೆಯನ್ನು ಕಂಡ ಮಗುವು ಉಳಿದ ದಿನಗಳಲ್ಲಿ ಅದರ ಹೆಸರನ್ನು ಕೇಳದು. ಹಬ್ಬವು ವರ್ಷಕ್ಕೆ ಒಂದು ದಿನ. ಬಾಳು ಮುನ್ನೂರ ಅರುವತ್ತೈದು ದಿನ. ಮತವನ್ನು ಆ ಒಂದು ದಿನದೊಳಗೆ ತುಂಬಿಟ್ಟರೆ ಉಳಿದ ದಿನಗಳ ಬಾಳನ್ನು ಬೇರೊಂದು ಆಳುವುದು.

ಮಾತಿನ ವಿಷಯದಲ್ಲಿ ಹೇಳಿದುದು ಲಿಪಿಗೂ ಸಲ್ಲುತ್ತದೆ. ಕನ್ನಡದ ಅಭಿಮಾನಿಗಳೆಲ್ಲರೂ ಇದಕ್ಕೆ ಕಿವಿಗೊಡಬೇಕಾಗಿದೆ. ಕರ್ನಾಟಕದ ಕೊಂಕಣಿ ಕ್ರೈಸ್ತರ ಪ್ರಾರ್ಥನಾಗ್ರಂಥಗಳೂ ಕೀರ್ತನೆಗಳೂ ಮಂಗಳೂರಿನಲ್ಲಿ ೧೯೩೮ರಿಂದ ಹೊರಡುತ್ತಿರುವ “ರಾಕ್ಣೊ” ಪತ್ರಿಕೆಯೂ ಅಚ್ಚಾಗಿರುವುದು ಕನ್ನಡ ಅಕ್ಷರಗಳಲ್ಲಿ. ಮಾತು ಕೊಂಕಣಿ, ಅಕ್ಷರ ಕನ್ನಡ: ಇವೆರಡೂ ಕೂಡಿ ಒಂದು ಜನಾಂಗದ ಭಕ್ತಿಯನ್ನು ಹೊತ್ತುಕೊಂಡಿವೆ. ಪರದೇಶದ ಶಾಲೆಗಳಲ್ಲಿ ಇಂಗ್ಲಿಷ್, ಫ್ರೆಂಚ್, ಹಿಂದಿ, ಅರಬ್ಬಿಗಳಿಗೆ ಎಡೆಯುಂಟು; ಕನ್ನಡಕ್ಕೆ ಎಡೆ ದೊರೆಯುವುದು ಅಪೂರ್ವ. ಹೀಗಿರಲಾಗಿ ಮನೆಯಲ್ಲಿ ಕೊಂಕಣಿಯನ್ನು ಆಡಬಲ್ಲ ಮಗುವಿಗೂ ಅಜ್ಜಿಯ ಪ್ರಾರ್ಥನಾಪುಸ್ತಕವು ಮುಚ್ಚಿದ ಬಾಗಿಲಾಗಿದೆ. ಪುಟದ ಅಂಚಿನಲ್ಲಿ ಅಜ್ಜಿ ಬರೆದಿಟ್ಟ ಹುಟ್ಟುಹಬ್ಬ, ಸಾವಿನ ದಿನ, ಹರಕೆಗಳನ್ನು ಓದುವವರಿಲ್ಲ. ಒಂದು ಮನೆಯ ದೇವರೊಡನೆ ನಡೆದ ಲೆಕ್ಕಪತ್ರವೇ ಅಲ್ಲಿರುವಾಗ, ಅದನ್ನು ಓದಲಾರದ ವಾರಸುದಾರನಿಗೆ ಆಸ್ತಿ ಸಿಕ್ಕಿತೆನ್ನಬಹುದೆ?

“ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರಾಯಿತು, ಗೋವೆಯವರು ಹಾಗೆಯೇ ಬರೆಯುವುದಿಲ್ಲವೆ?” ಎಂದು ಕೆಲವರು ಹೇಳುತ್ತಾರೆ. ಗೋವೆಯವರ ರೋಮನ್ ಲಿಪಿಗೆ ಶತಮಾನಗಳ ರೂಢಿಯಿದೆ. ಅವರ ಪ್ರಾರ್ಥನೆ, ಹಾಡು, ನಾಟಕಗಳೆಲ್ಲ ಅದರಲ್ಲಿವೆ. ಅದು ಅವರ ಮನೆಯ ಲಿಪಿ. ಕುಂದಾಪುರದ ಮನೆಗೆ ಅದು ಊರುಗೋಲು ಮಾತ್ರ. ಕಾಲು ನೋಯುವವನು ಊರುಗೋಲು ಹಿಡಿಯುವುದರಲ್ಲಿ ತಪ್ಪಿಲ್ಲ. ಊರುಗೋಲು ಇದೆಯೆಂದು ಕಾಲನ್ನು ಕಡಿದುಕೊಳ್ಳುವುದು ವಿವೇಕವಲ್ಲ. ಕನ್ನಡ ಲಿಪಿಯನ್ನು ಕಲಿಯುವುದು ಅಸಾಧ್ಯವೂ ಅಲ್ಲ. ದುಬಾಯಿಯಲ್ಲಿ ಕನ್ನಡಿಗರು ಸೇರಿ ನಡೆಸುತ್ತಿರುವ ಕನ್ನಡ ಪಾಠಶಾಲೆಯಲ್ಲಿ ಮಕ್ಕಳು ರಜೆಯ ದಿನ ಬಂದು ಅಕ್ಷರಾಭ್ಯಾಸ ಮಾಡುತ್ತಿದ್ದಾರೆ. ಅಲ್ಲಿ ಆಗುವುದು ಬೇರೆಡೆ ಆಗದೆಂಬುದಕ್ಕೆ ಕಾರಣವೇನು?

ಇನ್ನೊಂದು ಆಕ್ಷೇಪ ಉಳಿದಿದೆ. ಕ್ರೈಸ್ತಮತವು ಸಕಲ ಜನಾಂಗಗಳಿಗೂ ಸೇರಿದುದು. ಅದಕ್ಕೆ ಒಂದು ಭಾಷೆಯ ಕಟ್ಟು ಹಾಕುವುದು ಆ ಮತದ ತತ್ತ್ವಕ್ಕೇ ವಿರುದ್ಧವೆಂದು ವಿದ್ಯಾವಂತರಾದ ತರುಣರು ಹೇಳುತ್ತಾರೆ. ತತ್ತ್ವವು ನಿಜ, ಅನುಮಾನವು ತಪ್ಪು. ಎಲ್ಲರಿಗೂ ಸೇರಿದುದೆಂದರೆ ಯಾರ ಮನೆಗೂ ಸೇರದುದು ಎಂದರ್ಥವಲ್ಲ. ಮಳೆ ಎಲ್ಲ ನೆಲಕ್ಕೂ ಬೀಳುತ್ತದೆ. ಆದರೆ ಪೈರು ಬೆಳೆಯುವುದು ಒಂದೊಂದು ಗದ್ದೆಯ ಮಣ್ಣಿನಲ್ಲಿಯೇ. ಕೊಂಕಣಿಯನ್ನು ಬಿಟ್ಟವನು ಸರ್ವಜನಾಂಗದ ಭಾಷೆಯನ್ನು ಹಿಡಿದಂತಾಗಲಿಲ್ಲ. ಇಂಗ್ಲಿಷರ ಭಾಷೆಯನ್ನು ಹಿಡಿದನು, ಅಷ್ಟೆ. ಬೇರೆ ನಾಡಿನವರನ್ನು ಮದುವೆಯಾದವರ ಮನೆಯಲ್ಲಿ ಎರಡು ಭಾಷೆಗಳ ಜಪ ನಡೆಯಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಎರಡನ್ನೂ ಬಿಟ್ಟು ಮೂರನೆಯದರಲ್ಲಿ ಮೌನವಾಗುವುದೇ ಅಪಾಯ. ಇಂಗ್ಲಿಷಿನ ಪೂಜೆಗೆ ಹೋಗುವ ಮನೆಯ ಎರಡನೆಯ ತಲೆಮಾರು ಹಬ್ಬಕ್ಕೆ ಮಾತ್ರ ಇಗರ್ಜಿಗೆ ಬರುವುದೂ, ಮೂರನೆಯ ತಲೆಮಾರು ಅದನ್ನೂ ಬಿಡುವುದೂ ಕಣ್ಣೆದುರಿಗಿರುವ ಸಂಗತಿ. ಆ ನಾಡುಗಳ ಮೂಲನಿವಾಸಿಗಳ ಇಗರ್ಜಿಗಳೇ ಬರಿದಾಗುತ್ತಿರುವಾಗ, ಅವರ ಭಾಷೆಯನ್ನು ಹಿಡಿದ ಮಾತ್ರಕ್ಕೆ ಭಕ್ತಿ ಉಳಿಯುವುದೆಂದು ನೆಚ್ಚುವುದು ಬರಿದಾದ ಕಣಜದಿಂದ ಬೀಜ ಬೇಡಿದಂತೆ.

ಈ ತಪ್ಪಿನಲ್ಲಿ ಊರಿನವರ ಪಾಲೂ ಉಂಟು. ಪರದೇಶದಿಂದ ಹಣ ಬಂದಾಗ ಹಳೆಯ ಇಗರ್ಜಿಯನ್ನು ಕೆಡಹಿ ಹೊಸತನ್ನು ಎಬ್ಬಿಸುವ ಉತ್ಸಾಹವು ಎಲ್ಲೆಡೆಯಲ್ಲಿಯೂ ಇದೆ. ದಾನಿಯ ಹೆಸರು ಕಲ್ಲಿನ ಮೇಲೆ ಏರುತ್ತದೆ. ಹಬ್ಬದ ದೀಪಾಲಂಕಾರವು ಮೈಲಿ ದೂರಕ್ಕೆ ಕಾಣುತ್ತದೆ. ಆ ದಾನಿಯ ಮಗುವಿಗೆ “ಪರಲೋಕದಲ್ಲಿರುವ ತಂದೆಯೇ” ಎಂದು ಅಜ್ಜಿಯ ಮಾತಿನಲ್ಲಿ ಹೇಳಲು ಬರುತ್ತದೆಯೇ ಎಂದು ಕೇಳುವ ಪಾದ್ರಿಯಾಗಲಿ ಗುರ್ಕಾರನಾಗಲಿ ಎಷ್ಟು ಕಡೆ ಇದ್ದಾರೆ? ವೆಂಕಟರಾಯರು ತಮ್ಮ ಕಾದಂಬರಿಗೆ “ಸದ್ಧರ್ಮವಿಜಯ”ವೆಂಬ ಇನ್ನೊಂದು ಹೆಸರಿಟ್ಟು, ಹೊರಗೆ ಭಕ್ತಿಯ ಆಡಂಬರವನ್ನೂ ಒಳಗೆ ಟೊಳ್ಳನ್ನೂ ಇಟ್ಟುಕೊಂಡ ತಮ್ಮ ಸಮಾಜದವರನ್ನು ಬಯಲಿಗೆಳೆದರು. ಆ ಕನ್ನಡಿಯು ಒಂದೇ ಜಾತಿಗೆ ಹಿಡಿದುದಲ್ಲ. ಗೋಪುರವನ್ನು ಎತ್ತರಿಸಿ ಮನೆಯ ಜಪವನ್ನು ಮುಗಿಸಿದವರ ಮುಖವೂ ಅದರಲ್ಲಿ ಕಾಣಿಸುತ್ತದೆ.

ಕ್ರೈಸ್ತರಲ್ಲದ ನೆರೆಯವರಿಗೂ ಒಂದು ಮಾತು ಸಲ್ಲುತ್ತದೆ. “ಅವರ ಮತ ವಿದೇಶದ್ದು, ಇಲ್ಲಿ ಅದಕ್ಕೆ ಬೇರಿಲ್ಲ” ಎಂಬ ಆಡಿಕೆಯು ಈಗ ಹೆಚ್ಚುತ್ತಿದೆ. ಇದೂ “ಮಾತು ಹೋದರೇನು” ಎಂಬವರ ತಪ್ಪಿನ ತದ್ರೂಪವೇ. ಇವರೂ ಮತವನ್ನು ಬಾಳಿನಿಂದ ಬಿಡಿಸಿಟ್ಟು ಅದರ ಹುಟ್ಟೂರನ್ನು ಮಾತ್ರ ವಿಚಾರಿಸುತ್ತಾರೆ. ಗಂಗೊಳ್ಳಿಯ ತೆನೆಯ ಮೇಲೆ ಬಿದ್ದ ಆಶೀರ್ವಾದ, ಓವಿಯ ಧಾಟಿಗೆ ಹೊಂದಿದ ಕ್ರಿಸ್ತನ ಕತೆ, ಕನ್ನಡದ ಅಕ್ಷರದಲ್ಲಿ ಅಚ್ಚಾದ ಜಪ, ಇವನ್ನೆಲ್ಲ ನಾನೂರು ವರ್ಷಗಳಿಂದ ನೋಡುತ್ತಿದ್ದೂ ಬೇರು ಕಾಣಲಿಲ್ಲವೆಂದರೆ, ಅದು ನೋಡುವವರ ದೋಷ. ಆದರೆ ಪರದೇಶದ ಕ್ರೈಸ್ತನು ತೆನೆ, ಓವಿ, ಅಕ್ಷರಗಳನ್ನು ತಾನೇ ಕೈಬಿಟ್ಟರೆ, ಆ ಆಡಿಕೆಯವರಿಗೆ ತಾನೇ ಸಾಕ್ಷಿ ಒದಗಿಸಿದಂತಾಗುವುದು.

ಆಗಬೇಕಾದ ಕಾರ್ಯವು ದೊಡ್ಡದಲ್ಲ. ಹಣವನ್ನು ಬೇಡುವುದೂ ಅಲ್ಲ. ಪರದೇಶದ ಪ್ರತಿಯೊಂದು ಮನೆಯಲ್ಲಿ ಊಟಕ್ಕೆ ಮೊದಲು ಕಾಲು ಗಳಿಗೆ ಮನೆಮಾತಿನ ಜಪ ನಡೆಯಲಿ. ಜಪ ಮುಗಿದಾಗ ಮಕ್ಕಳು ಬೆಸಾಂವ್ ಬೇಡಲಿ. ಅಜ್ಜ ಅಜ್ಜಿಯರು ಊರಿನಲ್ಲಿದ್ದರೆ ದೂರವಾಣಿಯ ಮೂಲಕವಾದರೂ ಆಶೀರ್ವದಿಸಲಿ. ವಾರಕ್ಕೊಂದು ಗಂಟೆ ಪ್ರಾರ್ಥನಾಪುಸ್ತಕವನ್ನೇ ಪಾಠಪುಸ್ತಕವಾಗಿ ಇಟ್ಟುಕೊಂಡು ಕನ್ನಡ ಅಕ್ಷರಗಳನ್ನು ಕಲಿಸಲಿ. ತಿಳಿದ ಪ್ರಾರ್ಥನೆಯನ್ನು ಓದುತ್ತ ಕಲಿಯುವ ಮಗುವಿಗೆ ಅಕ್ಷರವು ಬೇಗನೆ ಹತ್ತುತ್ತದೆ. ಅಲ್ಲಿಯ ಸಂಘಗಳು ವರ್ಷದ ಹಲವು ಭೋಜನಕೂಟಗಳಲ್ಲಿ ಒಂದನ್ನು ಬಿಟ್ಟು ಆ ವೆಚ್ಚವನ್ನು ಇಂಥ ತರಗತಿಗೆ ಕೊಡಲಿ. ಮದುವೆಯ ರೋಸ್ ಶಾಸ್ತ್ರದಲ್ಲಿ ಬಾಡಿಗೆಯ ವಾದ್ಯವನ್ನು ಒಂದು ಗಳಿಗೆ ನಿಲ್ಲಿಸಿ, ವೊವಿಯೊ ಬಲ್ಲ ಮುದುಕಿಯರನ್ನು ಮುಂದೆ ಕೂರಿಸಲಿ. ಊರಿನ ಪಾದ್ರಿಗಳು ರಜೆಗೆ ಬಂದ ಮಕ್ಕಳಿಗೆ ಹದಿನೈದು ದಿನ ಪಾಠ ಹೇಳಲಿ. ಹಾಗೆಯೇ ಆ ಮಕ್ಕಳು ತಾವು ಬಾಳುವ ನಾಡಿನ ಭಾಷೆಯನ್ನೂ ಸ್ಟೀಫನ್ಸನಂತೆ, ಕಿಟ್ಟೆಲನಂತೆ ಚೆನ್ನಾಗಿ ಕಲಿತು, ತಮ್ಮ ನೆರೆಯವರಿಗೆ ಉಪಕಾರಿಗಳಾಗಲಿ.

ಗೋವೆಯಿಂದ ಹೊರಟವರು ಗದ್ದೆ ಬಿಟ್ಟರು, ಮನೆ ಬಿಟ್ಟರು. ಶ್ರೀರಂಗಪಟ್ಟಣದಿಂದ ಮರಳಿದವರು ತಮ್ಮ ಹಿಂದೆ ಗೋರಿಗಳನ್ನು ಬಿಟ್ಟು ಬಂದರು. ಬಿಡಬಾರದುದು ಯಾವುದೆಂಬ ವಿಷಯದಲ್ಲಿ ಮಾತ್ರ ಅವರಿಗೆ ಸಂದೇಹವಿರಲಿಲ್ಲ. ಅವರಿಗೆ ಇದ್ದ ಕಷ್ಟಗಳಲ್ಲಿ ಒಂದೂ ಇಂದಿನವರಿಗಿಲ್ಲ. ಅವರಿಗೆ ಇಲ್ಲದಿದ್ದ ಅನುಕೂಲಗಳೆಲ್ಲ ಇಂದಿನವರಿಗಿವೆ. ಹೀಗಿರುತ್ತ “ಮಾತು ಹೋದರೇನು” ಎಂದು ಕೇಳುವ ಹಕ್ಕು ಇಂದಿನವರಿಗೆ ಎಲ್ಲಿಂದ ಬಂದಿತೆಂಬುದನ್ನು ಪ್ರತಿಯೊಂದು ಪ್ರವಾಸಿ ಕುಟುಂಬವೂ ತನ್ನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿ ನೋಡತಕ್ಕದ್ದು. ಮತ್ತು ಆ ವಿಚಾರವನ್ನು ಕೊಂಕಣಿಯಲ್ಲಿಯೇ ಮಾಡತಕ್ಕದ್ದು.